ನಾಯಕನೋ, ಅರಸನೋ? — ಕೆಳದಿ ಸಂಸ್ಥಾನದ ಏಳಿಗೆಯ ಕಥೆ

೧೬೨೩ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ರೋಮ್ ನಗರದ ಪ್ರವಾಸಿಯೊಬ್ಬ ಮಲೆನಾಡಿನ ಇಕ್ಕೇರಿಗೆ ಬಂದ. ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲೆ. ಗೋವೆಯ ಪೋರ್ಚುಗೀಸ್ ಆಡಳಿತ ಇಕ್ಕೇರಿಯ ದೊರೆ ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿತ್ತು. ನಾಡು ನೋಡುವ ಆಸೆಯಿಂದ ಈ ಪ್ರವಾಸಿ ರಾಯಭಾರಿಯ ಪರಿವಾರದೊಡನೆ ಹೊರಟು ಬಂದಿದ್ದ. ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟ. ಆ ಪತ್ರಗಳಲ್ಲಿ ಒಂದು ಕಡೆ ಅವನಿಗೆ ಒಂದು ಸಂದೇಹ ಬರುತ್ತದೆ. ಈ ವೆಂಕಟಪ್ಪನನ್ನು ಏನೆಂದು ಕರೆಯಬೇಕು? ಪೋರ್ಚುಗೀಸರು ಇವನನ್ನು ಅರಸನೆನ್ನುತ್ತಾರೆ. ಆದರೆ ಇವನ ಹಿರಿಯರು ವಿಜಯನಗರದ ರಾಯರ ಕೈಕೆಳಗೆ ಸೀಮೆಯನ್ನು ನೋಡಿಕೊಳ್ಳುತ್ತಿದ್ದ ನಾಯಕರು. ಒಡೆಯನ ಮನೆ ಮುರಿದಾಗ ತಾನೇ ಒಡೆಯನಾಗಿ ಕುಳಿತವನು ಅರಸನೋ, ಸ್ವಾಮಿಗೆ ತಿರುಗಿಬಿದ್ದವನೋ? ಈ ಮನೆತನದ ಏಳಿಗೆ ಎಷ್ಟು ದಿನದ್ದೆಂಬುದು ದೇವರಿಗೇ ಗೊತ್ತು ಎಂಬ ಧಾಟಿಯಲ್ಲಿ ಅವನು ಆ ಮಾತನ್ನು ಮುಗಿಸುತ್ತಾನೆ.

ಆ ಪ್ರವಾಸಿಯ ಸಂದೇಹಕ್ಕೆ ಕಾಲವೇ ಒಂದು ಉತ್ತರ ಕೊಟ್ಟಿತು. ಆ ಮನೆತನ ಅವನು ಬಂದುಹೋದ ಮೇಲೆ ಇನ್ನೂ ೧೪೦ ವರ್ಷ ಬಾಳಿತು. ಆದರೆ ಅವನು ಎತ್ತಿದ ಪ್ರಶ್ನೆ ಅಷ್ಟಕ್ಕೆ ತೀರುವಂಥದಲ್ಲ. ದೊಡ್ಡ ಸಾಮ್ರಾಜ್ಯವೊಂದು ಕುಸಿದಾಗ ಅದರ ಮಣ್ಣಿನಲ್ಲೇ ತಲೆಯೆತ್ತುವ ಚಿಕ್ಕ ರಾಜ್ಯಕ್ಕೆ ಅರಸುತನದ ಅಧಿಕಾರ ಎಲ್ಲಿಂದ ಬರುತ್ತದೆ? ಕತ್ತಿಯಿಂದಲೋ, ಹಣದಿಂದಲೋ, ಹಳೆಯ ಬಿರುದುಗಳಿಂದಲೋ, ಅಥವಾ ಮತ್ತೆ ಯಾವುದರಿಂದಲೋ? ಕೆಳದಿಯ ಕಥೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಇಂದಿನ ನನ್ನ ಉದ್ದೇಶ.

ನಮ್ಮ ಪಠ್ಯಪುಸ್ತಕಗಳಲ್ಲಿ ೧೫೬೫ರ ರಕ್ಕಸತಂಗಡಿಯ ಯುದ್ಧಕ್ಕೆ ಒಂದು ದೊಡ್ಡ ಪೂರ್ಣವಿರಾಮ ಬೀಳುತ್ತದೆ. ಹಂಪೆ ಉರಿಯಿತು, ವೈಭವ ಮುಗಿಯಿತು, ಆಮೇಲೆ ಪಾಳೆಯಗಾರರು ಬಂದರು ಎಂದು ಒಂದೇ ಉಸಿರಿನಲ್ಲಿ ಇನ್ನೂರು ವರ್ಷ ದಾಟಿ ಹೈದರಾಲಿಯ ಹತ್ತಿರಕ್ಕೆ ಬಂದುಬಿಡುತ್ತೇವೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ವಿಜಯನಗರ ಸ್ಥಾಪನೆಯಾದದ್ದು ೧೩೩೬ರಲ್ಲಿ ಎಂದಿಟ್ಟುಕೊಂಡರೆ, ಹಂಪೆ ರಾಜಧಾನಿಯಾಗಿ ಮೆರೆದದ್ದು ೨೨೯ ವರ್ಷ. ಕೆಳದಿಯ ನಾಯಕರು ಸುಮಾರು ೧೪೯೯ರಿಂದ ೧೭೬೩ರವರೆಗೆ, ಎಂದರೆ ೨೬೪ ವರ್ಷ ಆಳಿದರು. ವಿಸ್ತಾರದಲ್ಲಿ, ಸಂಪತ್ತಿನಲ್ಲಿ ಹೋಲಿಕೆ ಸಲ್ಲದು, ನಿಜ. ಆದರೂ ಇಷ್ಟು ದೀರ್ಘಕಾಲ ನಿಂತದ್ದನ್ನು ಅವನತಿಯ ಕಾಲದ ಅಡಿಟಿಪ್ಪಣಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಸಾಗರದ ಬಳಿಯ ಕೆಳದಿಯಲ್ಲಿ ಚೌಡಪ್ಪ, ಭದ್ರಪ್ಪ ಎಂಬ ಇಬ್ಬರು ಅಣ್ಣತಮ್ಮಂದಿರು ಗೌಡಿಕೆಯ ಮನೆಯವರು, ಹೊಲಗದ್ದೆ ಮಾಡಿಕೊಂಡಿದ್ದವರು. ಹಸುವೊಂದು ದಿನವೂ ಒಂದು ಹುತ್ತದ ಮೇಲೆ ಹಾಲು ಸುರಿಸುತ್ತಿತ್ತು; ಅಗೆದು ನೋಡಿದರೆ ಲಿಂಗ ದೊರೆಯಿತು; ಮುಂದೆ ನೆಲದಲ್ಲಿ ಕತ್ತಿಯೂ ನಿಧಿಯೂ ದೊರೆತವು ಎಂದು ಐತಿಹ್ಯ ಹೇಳುತ್ತದೆ. ಇಂಥ ಕಥೆ ನಮ್ಮ ನಾಡಿನ ಅನೇಕ ಮನೆತನಗಳಿಗಿದೆ; ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೆಳದಿಯ ಕಥೆಯಲ್ಲಿ ಬೇರೆ ಕಡೆ ಕಾಣದ ಒಂದು ಭಾಗವಿದೆ. ನಿಧಿಯನ್ನು ಎತ್ತಬೇಕಾದರೆ ನರಬಲಿ ಬೇಕಾಗಿತ್ತು. ಆ ಮನೆಯ ಇಬ್ಬರು ಆಳುಗಳು, ಯಾದವ ಮತ್ತು ಮುರಾರಿ, ತಾವೇ ತಲೆಯೊಡ್ಡಿದರು. ತಮ್ಮ ಹೆಸರು ಉಳಿಯಬೇಕೆಂಬುದೊಂದೇ ಅವರು ಕೇಳಿದ ಪ್ರತಿಫಲ. ಕೆಳದಿಯ ಅರಸರ ಬಿರುದಾವಳಿಯಲ್ಲಿ ‘ಯಾದವಮುರಾರಿ’ ಎಂಬ ಬಿರುದು ಕೊನೆಯವರೆಗೂ ನಡೆದುಬಂತು.

ಬಿರುದಿಗೆ ಪಂಡಿತರು ಪುರಾಣದ ಅರ್ಥವನ್ನು ಹೇಳಬಹುದು. ಜನ ಮಾತ್ರ ಅದನ್ನು ಇಬ್ಬರು ಆಳುಗಳ ಹೆಸರೆಂದೇ ನೆನೆದರು. ಕಥೆ ನಡೆದದ್ದೋ ಕಟ್ಟಿದ್ದೋ ಎಂಬ ವಿಚಾರಕ್ಕಿಂತ ನನಗೆ ಮುಖ್ಯವಾಗಿ ತೋರುವುದು ಇದು: ಒಂದು ರಾಜ್ಯದ ಬುನಾದಿಯ ಕೆಳಗೆ ಹೆಸರಿಲ್ಲದವರ ರಕ್ತವಿದೆ ಎಂಬುದನ್ನು ಆ ನಾಡಿನ ಜನ ಮರೆಯಲಿಲ್ಲ. ಅರಸು ಮನೆತನವೂ ಅದನ್ನು ಮುಚ್ಚಿಡಲಿಲ್ಲ; ಹೊಗಳಿಕೆಯ ಮಾತಾಗಿಯೇ ಹೊತ್ತು ತಿರುಗಿತು. ಆ ಹೊಗಳಿಕೆಯಲ್ಲಿ ಕೃತಜ್ಞತೆ ಎಷ್ಟು, ಕ್ರೌರ್ಯ ಎಷ್ಟು ಎಂಬುದನ್ನು ಇಂದು ತೂಗುವುದು ಕಷ್ಟ.

ಕೆಳದಿಯ ನಿಜವಾದ ಏಳಿಗೆ ಆರಂಭವಾದದ್ದು ಸಾಮ್ರಾಜ್ಯ ಬಿದ್ದ ಮೇಲಲ್ಲ, ಅದು ಉಚ್ಛ್ರಾಯದಲ್ಲಿದ್ದಾಗಲೇ. ಇದನ್ನು ಗಮನಿಸಬೇಕು. ಚೌಡಪ್ಪನ ಮಗ ಸದಾಶಿವ ನಾಯಕ ೧೫೩೦ರಿಂದ ೧೫೬೬ರವರೆಗೆ ಆಳಿದವನು. ಅಳಿಯ ರಾಮರಾಯನ ಪರವಾಗಿ ಬಹಮನಿ ಕವಲಿನ ಸುಲ್ತಾನರ ಮೇಲಿನ ದಂಡಯಾತ್ರೆಗಳಲ್ಲಿ ಕಾದಾಡಿ ಹೆಸರು ಪಡೆದ. ಅವನಿಗೆ ‘ಕೋಟೆಕೋಲಾಹಲ’ ಎಂಬ ಬಿರುದು ಬಂತು. ಆರಗ, ಗುತ್ತಿ, ಬಾರಕೂರು, ಮಂಗಳೂರು ಸೀಮೆಗಳ ಆಡಳಿತವೂ ಬಂತು. ಈ ನಾಲ್ಕು ಹೆಸರುಗಳನ್ನು ಭೂಪಟದ ಮೇಲೆ ಇಟ್ಟು ನೋಡಿದರೆ ಅರ್ಥ ಸ್ಪಷ್ಟವಾಗುತ್ತದೆ. ಎರಡು ಘಟ್ಟದ ಮೇಲಿನವು, ಎರಡು ಕರಾವಳಿಯವು. ಮಲೆನಾಡಿನ ಅಡಿಕೆ ಮತ್ತು ಕಾಳುಮೆಣಸು, ಕರಾವಳಿಯ ಅಕ್ಕಿ, ಅವುಗಳ ನಡುವಣ ಘಟ್ಟದ ದಾರಿ, ದಾರಿಯ ಕೊನೆಗೆ ಬಂದರು—ಇವೆಲ್ಲ ಒಂದೇ ಕೈಗೆ ಬಂದವು. ಹಂಪೆಯಲ್ಲಿದ್ದ ರಾಯರಿಗೆ ಮಳೆಗಾಲದಲ್ಲಿ ಆರು ತಿಂಗಳು ಮುಚ್ಚಿಹೋಗುವ ಈ ಸೀಮೆಯನ್ನು ನೇರವಾಗಿ ಆಳುವುದು ಸುಲಭವಿರಲಿಲ್ಲ. ಅಲ್ಲಿಯ ಕಾಡನ್ನು, ಕಣಿವೆಯನ್ನು, ಜನರನ್ನು ಬಲ್ಲ ನಂಬಿಗಸ್ತನೊಬ್ಬ ಬೇಕಾಗಿತ್ತು. ಸಾಮ್ರಾಜ್ಯ ತನ್ನ ಅಗತ್ಯಕ್ಕಾಗಿ ಒಬ್ಬ ನಾಯಕನನ್ನು ಬೆಳೆಸಿತು. ಮುಂದೆ ಆ ನಾಯಕನಿಗೆ ಸಾಮ್ರಾಜ್ಯದ ಅಗತ್ಯ ಉಳಿಯಲಿಲ್ಲ.

೧೫೬೫ರ ಜನವರಿಯಲ್ಲಿ ರಾಮರಾಯ ರಣರಂಗದಲ್ಲಿ ಮಡಿದ. ರಾಜಧಾನಿ ಪೆನುಕೊಂಡೆಗೆ, ಆಮೇಲೆ ಚಂದ್ರಗಿರಿಗೆ, ವೇಲೂರಿಗೆ ಹೋಯಿತು. ಪಡುವಣ ಮಲೆನಾಡಿನಿಂದ ರಾಯರು ದೂರ ದೂರವಾದರು. ಹಾಗೆಂದು ಕೆಳದಿಯವರು ಮರುದಿನವೇ ಸ್ವತಂತ್ರರಾದೆವೆಂದು ಡಂಗುರ ಹೊಡೆಸಲಿಲ್ಲ. ರಾಯರ ಹೆಸರನ್ನು ಹೇಳುತ್ತಲೇ, ತಮ್ಮನ್ನು ನಾಯಕರೆಂದೇ ಕರೆದುಕೊಳ್ಳುತ್ತ, ಒಂದು ತಲೆಮಾರು ಕಾದರು. ಆ ಕಾಲದ ದೊಡ್ಡ ಸಂಕಣ್ಣ ನಾಯಕನ ಬಗ್ಗೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವಿದೆ. ಅವನು ತೀರ್ಥಯಾತ್ರೆಗೆ ಹೊರಟು ದೆಹಲಿಗೆ ಹೋಗಿ, ಅಕ್ಬರನ ಆಸ್ಥಾನದಲ್ಲಿ ಅಂಕುಶಖಾನನೆಂಬ ಕತ್ತಿವರಸೆಯ ವೀರನನ್ನು ಸೋಲಿಸಿದನಂತೆ. ನಡೆದಿರಲಿ, ನಡೆಯದಿರಲಿ, ಕವಿಯ ಮನಸ್ಸು ಇಲ್ಲಿ ತಿಳಿಯುತ್ತದೆ. ಹಂಪೆಯ ಕನ್ನಡಿ ಒಡೆದುಹೋಗಿತ್ತು; ಕೆಳದಿ ತನ್ನ ಮುಖವನ್ನು ನೋಡಿಕೊಳ್ಳಲು ದೆಹಲಿಯ ಕನ್ನಡಿಯನ್ನು ಹುಡುಕಿತು.

೧೫೮೬ರಲ್ಲಿ ಪಟ್ಟಕ್ಕೆ ಬಂದ ವೆಂಕಟಪ್ಪ ನಾಯಕನ ಕಾಲಕ್ಕೆ ಕಾಯುವ ದಿನಗಳು ಮುಗಿದವು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ೧೬೧೪ರಲ್ಲಿ ವೇಲೂರಿನ ವೆಂಕಟಪತಿರಾಯ ತೀರಿಕೊಂಡ ಮೇಲೆ ಪಟ್ಟಕ್ಕಾಗಿ ಅಂತಃಕಲಹವೆದ್ದಿತು. ರಾಯರ ಹೆಸರಿಗೆ ಉಳಿದಿದ್ದ ಮರ್ಯಾದೆಯೂ ಕರಗಿತು. ದೆಲ್ಲಾ ವಾಲೆ ಬರುವ ವೇಳೆಗೆ ವೆಂಕಟಪ್ಪ ಯಾರ ಅಪ್ಪಣೆಗೂ ಕಾಯದ ದೊರೆಯಾಗಿದ್ದ. ಕರಾವಳಿಯ ಅರಸರನ್ನು ಒಬ್ಬೊಬ್ಬರನ್ನಾಗಿ ಅಧೀನ ಮಾಡಿಕೊಂಡಿದ್ದ. ಅರ್ಧ ಶತಮಾನದ ಕಾಲ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಅವನು ೧೬೦೬ರ ಸುಮಾರಿಗೆ ಸೋಲಿಸಿದ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ಯೆಂದು ಕರೆಯುತ್ತಿದ್ದವಳು ಅವಳೇ. ಆ ಜೈನ ರಾಣಿಯ ಪತನದೊಂದಿಗೆ ಒಂದು ಹಳೆಯ, ಚೆಲುವಾದ ನಗರವೂ ಕಾಡುಪಾಲಾಯಿತು. ಪ್ರಾದೇಶಿಕ ರಾಜ್ಯವೊಂದು ಏಳುವಾಗ ಅದಕ್ಕಿಂತ ಚಿಕ್ಕ ರಾಜ್ಯಗಳು ಬೀಳುತ್ತವೆ ಎಂಬುದನ್ನು ನಾವು ಹೆಚ್ಚಾಗಿ ಹೇಳುವುದಿಲ್ಲ. ಹಂಪೆಗಾಗಿ ಕಣ್ಣೀರಿಟ್ಟ ನಮ್ಮ ಸಾಹಿತ್ಯ ಗೇರುಸೊಪ್ಪೆಗಾಗಿ ಅಷ್ಟು ಅತ್ತಿಲ್ಲ.

ಪೋರ್ಚುಗೀಸರಿಗೂ ಇಕ್ಕೇರಿಗೂ ನಡುವಣ ಸಂಬಂಧ ವಿಚಿತ್ರವಾದುದು. ಗೋವೆಯ ಊಟಕ್ಕೆ ಕನ್ನಡ ಕರಾವಳಿಯ ಅಕ್ಕಿ ಬೇಕು. ಅವರ ಹಡಗುಗಳಿಗೆ ಘಟ್ಟದ ಕಾಳುಮೆಣಸು ಬೇಕು. ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಅವರ ಕೋಟೆಗಳಿದ್ದವು. ಸಮುದ್ರ ಅವರದು, ಬೆಳೆ ಇವನದು. ೧೬೨೩ರ ರಾಯಭಾರಿ ಬಂದದ್ದು ಕಾಳುಮೆಣಸಿನ ವ್ಯವಹಾರದ ಜೊತೆಗೆ, ವೆಂಕಟಪ್ಪ ಕಿತ್ತುಕೊಂಡಿದ್ದ ಬಂಗ ಅರಸನ ಸೀಮೆಯನ್ನು ಹಿಂದಿರುಗಿಸಿ ಎಂದು ಕೇಳುವುದಕ್ಕೆ. ಬಂಗ ಪೋರ್ಚುಗೀಸರ ಸ್ನೇಹಿತ. ಅವನ ಎದುರಾಳಿಯಾದ ಉಳ್ಳಾಲದ ರಾಣಿಗೆ ವೆಂಕಟಪ್ಪನ ಬೆಂಬಲವಿತ್ತು. ಮುದುಕನಾಗಿದ್ದ ನಾಯಕ ಆ ಬೇಡಿಕೆಗೆ ಬಗ್ಗಲಿಲ್ಲ. ಹಿಂದೂ ಮಹಾಸಾಗರದ ಮೇಲೆ ನೂರು ವರ್ಷ ಮೆರೆದ ಪೋರ್ಚುಗೀಸರ ಶಕ್ತಿ ಡಚ್ಚರ, ಇಂಗ್ಲಿಷರ ಪೈಪೋಟಿಯಿಂದ ಆ ವೇಳೆಗೆ ಕುಗ್ಗುತ್ತಿತ್ತು. ಘಟ್ಟದ ಮೇಲೆ ಕುಳಿತವನಿಗೆ ಸಮುದ್ರದ ಸುದ್ದಿಯೂ ತಿಳಿದಿತ್ತೆಂದು ತೋರುತ್ತದೆ.

ದೆಲ್ಲಾ ವಾಲೆಯ ಪತ್ರಗಳಲ್ಲಿ ರಾಜಕೀಯಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತಿರುವ ಚಿತ್ರಗಳು ಎರಡು. ಇಕ್ಕೇರಿಗೆ ಬರುವ ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕಂಡ. ನೆಲದ ಮೇಲೆ ಸಣ್ಣ ಮರಳು ಹರಡಿಕೊಂಡಿದ್ದರು. ಒಬ್ಬ ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಬರೆಯುತ್ತಿದ್ದ. ಉಳಿದವರು ಅದನ್ನೇ ಹಾಡುತ್ತ ಬರೆಯುತ್ತಿದ್ದರು. ಎದುರಿಗೆ ಉಪಾಧ್ಯಾಯರಿರಲಿಲ್ಲ. ತುಂಬಿದ ಮರಳನ್ನು ಸವರಿ ಮತ್ತೆ ಬರೆಯುವುದು. ಪ್ರವಾಸಿ ಇದನ್ನು ಮೆಚ್ಚಿ ಬರೆದಿದ್ದಾನೆ.

ಇನ್ನೊಂದು ಚಿತ್ರ ಕರುಳು ಹಿಂಡುವಂಥದು. ಇಕ್ಕೇರಿಯ ಬೀದಿಯಲ್ಲಿ ಸಹಗಮನಕ್ಕೆ ನಿಶ್ಚಯಿಸಿದ್ದ ಒಬ್ಬ ವಿಧವೆಯನ್ನು ಅವನು ಕಂಡ. ಆಮೇಲೆ ಅವಳ ಮನೆಗೇ ಹೋಗಿ ಮಾತನಾಡಿದ. ಅವನ ಬರವಣಿಗೆಯಲ್ಲಿ ಅವಳ ಹೆಸರು ನಮ್ಮ ಜಕ್ಕಮ್ಮ ಎಂಬ ಹೆಸರಿನ ಹಾಗೆ ಕೇಳುತ್ತದೆ. ಚಿಕ್ಕ ಮಕ್ಕಳಿದ್ದ ತಾಯಿ. ಬೇಡವೆಂದು ಅವನು ಹೇಳಿನೋಡಿದ, ಅವಳು ಒಪ್ಪಲಿಲ್ಲ. ನಿನ್ನ ಹೆಸರು ಲೋಕದಲ್ಲಿ ಉಳಿಯುವ ಹಾಗೆ ಬರೆಯುತ್ತೇನೆಂದು ಮಾತು ಕೊಟ್ಟು ಬಂದ. ಯಾದವ ಮುರಾರಿಯರು ಕೇಳಿದ್ದೂ ಹೆಸರನ್ನೇ. ಈಕೆಗೆ ದೊರೆತದ್ದೂ ಹೆಸರೇ. ವೆಂಕಟಪ್ಪನ ರಾಜ್ಯವನ್ನು ಹೊಗಳುವವರು ಈ ಎರಡು ಚಿತ್ರಗಳನ್ನೂ ಒಟ್ಟಿಗೆ ಇಟ್ಟುಕೊಂಡೇ ಹೊಗಳಬೇಕು. ಮರಳಿನ ಮೇಲೆ ಲೆಕ್ಕ ಬರೆಯುವ ಮಕ್ಕಳಿದ್ದ ನಾಡೇ ಆ ತಾಯಿಯನ್ನು ಬೆಂಕಿಗೆ ಕಳುಹಿಸಿದ ನಾಡು ಕೂಡ.

ವೆಂಕಟಪ್ಪ ೧೬೨೯ರಲ್ಲಿ ತೀರಿಕೊಂಡ. ಅವನ ಮೊಮ್ಮಗ ವೀರಭದ್ರ ನಾಯಕನ ಕಾಲದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನ ೧೬೩೭–೩೮ರಲ್ಲಿ ಇಕ್ಕೇರಿಯ ಮೇಲೆ ಬಿದ್ದು ಸೂರೆಮಾಡಿದ. ಹಣ ತೆತ್ತು ಶಾಂತಿಯನ್ನು ಕೊಳ್ಳಬೇಕಾಯಿತು. ಬಯಲಿನ ಅಂಚಿನಲ್ಲಿದ್ದ ಇಕ್ಕೇರಿ ಇನ್ನು ಕ್ಷೇಮವಲ್ಲವೆಂದು ರಾಜಧಾನಿಯನ್ನು ಬಿದನೂರಿಗೆ, ಇಂದಿನ ನಗರಕ್ಕೆ, ಒಯ್ದರು. ಕೆಳದಿಯಿಂದ ಇಕ್ಕೇರಿ, ಇಕ್ಕೇರಿಯಿಂದ ಬಿದನೂರು. ನೋಡುವವರಿಗೆ ಇದು ಕಾಡಿನೊಳಕ್ಕೆ ಸರಿದುಕೊಂಡ ಹಾಗೆ. ಆದರೆ ಬಿದನೂರು ಹೊಸಂಗಡಿ ಘಟ್ಟದ ನೆತ್ತಿಯ ಮೇಲಿದೆ. ಕೆಳಗೆ ಇಳಿದರೆ ಕುಂದಾಪುರ, ಬಸರೂರು. ಹಿಂದೆ ಸರಿದ ಹೆಜ್ಜೆಯೇ ವ್ಯಾಪಾರದ ಹೆಬ್ಬಾಗಿಲಿನ ಹೊಸ್ತಿಲ ಮೇಲೆ ಬಿತ್ತು. ಶತ್ರುವಿಗೆ ದುರ್ಗಮವಾದ ಸ್ಥಳ ಎತ್ತಿನ ಹೇರಿಗೆ ಸುಗಮವಾಗಿತ್ತು.

ಈ ಬಿದನೂರಿನಲ್ಲಿ ೧೬೪೫ರಲ್ಲಿ ಪಟ್ಟವೇರಿದವನು ಶಿವಪ್ಪ ನಾಯಕ. ಹದಿನೈದು ವರ್ಷ ಆಳಿದ. ೧೬೫೨ರಿಂದ ೧೬೫೪ರೊಳಗೆ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಗೆದ್ದು ಅವರನ್ನು ಗೋವೆಯವರೆಗೆ ಅಟ್ಟಿದ. ದಕ್ಷಿಣದಲ್ಲಿ, ಇಂದು ಕೇರಳಕ್ಕೆ ಸೇರಿರುವ ಚಂದ್ರಗಿರಿ, ಬೇಕಲದ ಕೋಟೆಗಳು ಅವನ ಕಾಲದ ನೆನಪನ್ನು ಹೇಳುತ್ತವೆ. ಆದರೆ ಮಲೆನಾಡಿನ ರೈತರ ಬಾಯಲ್ಲಿ ಅವನ ಹೆಸರು ಉಳಿದದ್ದು ಕೋಟೆಗಳಿಂದಲ್ಲ. ‘ಶಿಸ್ತು’ ಎಂಬ ಒಂದು ಪದದಿಂದ. ಶಿವಪ್ಪ ನಾಯಕನ ಶಿಸ್ತು ಎಂದರೆ ಭೂಕಂದಾಯದ ನಿಗದಿ.

ಅದರ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದ ಮೈಸೂರು ಗೆಝೆಟಿಯರ್ ದಾಖಲಿಸಿದೆ. ನೆಲವನ್ನು ಅದರ ಸಾರಕ್ಕೆ ತಕ್ಕಂತೆ ಐದು ದರ್ಜೆಗಳಾಗಿ ವಿಂಗಡಿಸಿದರು: ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ. ಹಳ್ಳಿಹಳ್ಳಿಯಲ್ಲಿ ಒಂದೊಂದು ದರ್ಜೆಯ ಒಂದೊಂದು ಹೊಲವನ್ನು ಸರಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿದರು. ಬಿತ್ತಿದ ಬೀಜ ಎಷ್ಟು, ದುಡಿಮೆಗೆ ತಗಲಿದ ವೆಚ್ಚ ಎಷ್ಟು, ಬಂದ ಫಸಲು ಎಷ್ಟು ಎಂದು ಹನ್ನೆರಡು ವರ್ಷ ಬಿಡದೆ ಬರೆದಿಟ್ಟರು. ಮಾರುಕಟ್ಟೆಯ ಧಾರಣೆಯನ್ನೂ ಸರಾಸರಿಗೆ ತಂದರು. ಹೀಗೆ ಬಂದ ಉತ್ಪನ್ನದ ಮೂರರಲ್ಲಿ ಒಂದು ಭಾಗ ಅರಮನೆಗೆ ಎಂದು ಗೊತ್ತುಮಾಡಿದರು. ಅಡಿಕೆಯ ತೋಟಗಳಿಗೆ ಸಾವಿರ ಮರಕ್ಕೆ ಇಷ್ಟೆಂದು ಬೇರೆ ಲೆಕ್ಕ.

ಇದರಲ್ಲಿ ಏನು ವಿಶೇಷ ಎಂದು ಕೇಳಬಹುದು. ತೆರಿಗೆ ಹಾಕದ ಅರಸನುಂಟೆ? ಮೂರರಲ್ಲೊಂದು ಪಾಲು ಹಗುರವಾದ ತೆರಿಗೆಯೇನೂ ಅಲ್ಲ. ವಿಶೇಷವಿರುವುದು ಹನ್ನೆರಡು ವರ್ಷದಲ್ಲಿ. ಒಂದು ವರ್ಷದ ಫಸಲು ನೋಡಿ ತೆರಿಗೆ ಕಟ್ಟಿದರೆ, ಮಳೆ ಚೆನ್ನಾದ ವರ್ಷವಾದರೆ ರೈತ ಕೆಟ್ಟ, ಬರದ ವರ್ಷವಾದರೆ ಅರಮನೆ ಕೆಟ್ಟಿತು. ಹನ್ನೆರಡು ವರ್ಷ ಕಾದರೆ ಅತಿವೃಷ್ಟಿ, ಅನಾವೃಷ್ಟಿ, ಹುಳುಹುಪ್ಪಟೆ, ಧಾರಣೆಯ ಏರಿಳಿತ ಎಲ್ಲವೂ ಒಂದು ಸುತ್ತು ಬಂದುಹೋಗುತ್ತವೆ. ಹದಿನೈದು ವರ್ಷ ಆಳಿದ ದೊರೆಗೆ ಹನ್ನೆರಡು ವರ್ಷವೆಂದರೆ ಬಹುಮಟ್ಟಿಗೆ ಆಳಿಕೆಯ ಇಡೀ ಕಾಲ. ಫಲ ತನಗೆ ದಕ್ಕುತ್ತದೋ ಇಲ್ಲವೋ ತಿಳಿಯದೆ ಅಷ್ಟು ತಾಳ್ಮೆಯಿಂದ ಲೆಕ್ಕ ಬರೆಸುವವನು ಕೊಳ್ಳೆಹೊಡೆದು ಹೋಗುವ ಪಾಳೆಯಗಾರನಲ್ಲ; ತನ್ನ ಮೊಮ್ಮಕ್ಕಳೂ ಇಲ್ಲೇ ಆಳುತ್ತಾರೆಂಬ ನಂಬಿಕೆಯುಳ್ಳವನು. ದೆಲ್ಲಾ ವಾಲೆಯ ಪ್ರಶ್ನೆಗೆ ಕೆಳದಿ ಕೊಟ್ಟ ಗಟ್ಟಿಯಾದ ಉತ್ತರ ಇದೇ ಎಂದು ನನ್ನ ಭಾವನೆ. ರಾಯರು ಕೊಟ್ಟ ಬಿರುದು ನಾಯಕನನ್ನು ನಾಯಕನನ್ನಾಗಿ ಮಾಡಿತು; ತನ್ನ ನೆಲವನ್ನು ಗದ್ದೆಗದ್ದೆಯಾಗಿ ಅರಿತದ್ದು ಅವನನ್ನು ಅರಸನನ್ನಾಗಿ ಮಾಡಿತು. ೧೬೨೩ರಲ್ಲಿ ಮರಳಿನ ಮೇಲೆ ಲೆಕ್ಕ ಬರೆದ ಹುಡುಗರ ಓರಗೆಯವರು ಶಿವಪ್ಪನ ಕಾಲಕ್ಕೆ ನಡುವಯಸ್ಸಿನವರು. ಊರೂರಿನ ಶಾನುಭೋಗರ ಕಡತಗಳಲ್ಲಿ ಅಂಥವರ ಕೈಬರಹವೇ ಇದ್ದಿರಬೇಕಲ್ಲವೆ?

ಶಿವಪ್ಪನ ಕೊನೆಯ ವರ್ಷಗಳಲ್ಲಿ ಒಂದು ವಿಲಕ್ಷಣ ಘಟನೆ ನಡೆಯಿತು. ವಿಜಯನಗರದ ಕೊನೆಯ ಅರಸನಾದ ಮೂರನೆಯ ಶ್ರೀರಂಗರಾಯ ನೆಲೆ ತಪ್ಪಿ ಅಲೆಯುತ್ತಿದ್ದವನು ಬಿದನೂರಿನ ಆಶ್ರಯಕ್ಕೆ ಬಂದ. ಯಾರ ಪೂರ್ವಿಕರು ಕೆಳದಿಯವರಿಗೆ ಸೀಮೆಗಳನ್ನು ಉಂಬಳಿ ಕೊಟ್ಟಿದ್ದರೋ ಆ ಪೀಠದ ಉತ್ತರಾಧಿಕಾರಿ ಅವರ ಬಾಗಿಲಲ್ಲಿ ನಿಂತ. ಶಿವಪ್ಪ ಅವನನ್ನು ಮರ್ಯಾದೆಯಿಂದ ಬರಮಾಡಿಕೊಂಡು ಬೇಲೂರಿನಲ್ಲಿ ನೆಲೆ ಮಾಡಿಕೊಟ್ಟ. ೧೬೫೯ರ ಸುಮಾರಿಗೆ ಅವನ ಹೆಸರಿನಲ್ಲಿ ಶ್ರೀರಂಗಪಟ್ಟಣಕ್ಕೂ ಮುತ್ತಿಗೆ ಹಾಕಿದ. ಮುತ್ತಿಗೆ ಫಲಿಸಲಿಲ್ಲ. ರಾಯನ ಹೆಸರು ಶಿವಪ್ಪನಿಗೆ ದಂಡಯಾತ್ರೆಯ ನೆಪವಾಗಿತ್ತೆಂದು ಇತಿಹಾಸಕಾರರು ಹೇಳಬಹುದು, ತಪ್ಪಲ್ಲ. ಆದರೆ ನೆಪ ಹೂಡುವುದಕ್ಕೂ ಹಳೆಯ ಒಡೆಯನನ್ನು ಒಳಗೆ ಕರೆದು ಕೂಡಿಸಬೇಕಾಯಿತು. ತಿರುಗಿಬಿದ್ದವನು ಹಾಗೆ ಮಾಡುವುದಿಲ್ಲ.

೧೬೬೦ರಲ್ಲಿ ಶಿವಪ್ಪ ತೀರಿಕೊಂಡ ಮೇಲೆ ಹನ್ನೊಂದು ವರ್ಷಗಳಲ್ಲಿ ಮೂವರು ದೊರೆಗಳು ಬಂದುಹೋದರು. ೧೬೬೫ರಲ್ಲಿ ಶಿವಾಜಿಯ ಹಡಗುಗಳು ಬಸರೂರನ್ನು ಸೂರೆಮಾಡಿದವು. ಅರಮನೆಯ ಒಳಸಂಚಿನಲ್ಲಿ ಸೋಮಶೇಖರ ನಾಯಕ ೧೬೭೧ರಲ್ಲಿ ಕೊಲೆಯಾದ. ರಾಜ್ಯ ಚೂರಾಗಬೇಕಾದ ಹೊತ್ತಿನಲ್ಲಿ ಅವನ ರಾಣಿ ಚೆನ್ನಮ್ಮ ಪಟ್ಟವನ್ನು ವಹಿಸಿಕೊಂಡಳು. ವರ್ತಕರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ಬಿಜಾಪುರದವರ ಹುನ್ನಾರವನ್ನು ಎದುರಿಸಿದಳು, ಮೈಸೂರಿನವರನ್ನು ತಡೆದಳು, ಪೋರ್ಚುಗೀಸರೊಡನೆ ಕರಾರು ಮಾಡಿಕೊಂಡು ಅಕ್ಕಿಯ ವ್ಯಾಪಾರವನ್ನು ಮತ್ತೆ ಹಳಿಗೆ ತಂದಳು. ಇಪ್ಪತ್ತೈದು ವರ್ಷ ಆಳಿದಳು.

ಅವಳ ಬಾಗಿಲಿಗೂ ಒಬ್ಬ ದೇಶಭ್ರಷ್ಟ ಅರಸ ಬಂದ. ಬಿಜಾಪುರ ೧೬೮೬ರಲ್ಲಿ, ಗೋಲ್ಕೊಂಡ ೧೬೮೭ರಲ್ಲಿ ಔರಂಗಜೇಬನ ವಶವಾಗಿದ್ದವು. ೧೬೮೯ರಲ್ಲಿ ಸಂಭಾಜಿಯ ಕೊಲೆಯಾಯಿತು. ಅವನ ತಮ್ಮ ರಾಜಾರಾಮ ವೇಷ ಮರೆಸಿಕೊಂಡು ಜಿಂಜಿಯ ಕೋಟೆಗೆ ಓಡುವ ದಾರಿಯಲ್ಲಿ ಕೆಳದಿಯ ಸೀಮೆಗೆ ಬಂದು ಆಶ್ರಯ ಬೇಡಿದ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಬಸರೂರನ್ನು ಸೂರೆಮಾಡಿದ ಶಿವಾಜಿಯ ಮಗ ಅವನು. ಬೆನ್ನ ಹಿಂದೆ ಇದ್ದದ್ದು ಆಗಿನ ಭಾರತದ ಅತಿ ದೊಡ್ಡ ಸೈನ್ಯ. ಚೆನ್ನಮ್ಮ ಆಶ್ರಯ ಕೊಟ್ಟು, ಅವನನ್ನು ಸುರಕ್ಷಿತವಾಗಿ ಮುಂದಕ್ಕೆ ದಾಟಿಸಿದಳು. ಮೊಗಲ ಸೈನ್ಯ ಬಿದನೂರಿನ ಮೇಲೆ ಬಂತು. ರಾಣಿ ಎದುರಿಸಿ ನಿಂತು ಕೊನೆಗೆ ಸಂಧಿಯಲ್ಲಿ ಪಾರಾದಳು. ಒಂದೇ ಮನೆತನದ ಬಾಗಿಲಿಗೆ ಮೂವತ್ತು ವರ್ಷಗಳ ಅಂತರದಲ್ಲಿ ಇಬ್ಬರು ನೆಲೆತಪ್ಪಿದ ಅರಸರು ಬಂದರು. ಒಬ್ಬ ಮುಳುಗಿದ ಸಾಮ್ರಾಜ್ಯದವನು. ಇನ್ನೊಬ್ಬ ಮುಂದೆ ಸಾಮ್ರಾಜ್ಯವಾಗಲಿದ್ದ ಮನೆಯವನು. ಮರೆಹೊಕ್ಕವರನ್ನು ಕಾಯುವುದು ಅರಸುಧರ್ಮವೆಂದು ನಮ್ಮ ಕಾವ್ಯಗಳು ಸಾರಿ ಹೇಳುತ್ತವೆ. ಕಾವ್ಯದಲ್ಲಿ ಅದನ್ನು ಬರೆಯುವುದು ಸುಲಭ. ಔರಂಗಜೇಬನ ದಂಡು ಗಡಿಯಲ್ಲಿ ನಿಂತಾಗ ನಡೆಸಿ ತೋರುವುದು ಬೇರೆಯೇ ಮಾತು.

ಚೆನ್ನಮ್ಮನ ದತ್ತುಪುತ್ರ ಬಸವಪ್ಪ ನಾಯಕನೂ ವರ್ತಕರ ಮನೆಯಿಂದ ಬಂದವನು. ಅವನು ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಬೃಹದ್ಗ್ರಂಥವನ್ನು ೧೭೦೯ರಲ್ಲಿ ರಚಿಸಿದ. ಒಂಬತ್ತು ಕಲ್ಲೋಲ, ನೂರೆಂಟು ತರಂಗಗಳ ಈ ಕೃತಿಯಲ್ಲಿ ಸೃಷ್ಟಿಯ ವಿಚಾರದಿಂದ ಮೊದಲುಗೊಂಡು ರಾಜನೀತಿ, ಶಿಲ್ಪ, ಸಂಗೀತ, ವೈದ್ಯ, ಪಾಕಶಾಸ್ತ್ರದವರೆಗೆ ಬಾರದ ವಿಷಯವಿಲ್ಲ. ನಡುವೆ ಕೆಳದಿಯ ಚರಿತ್ರೆಯೂ ಇದೆ. ತಂದೆ ಮಗನಿಗೆ ಹೇಳುವ ಹಾಗೆ ಗ್ರಂಥವನ್ನು ಹೆಣೆದಿದ್ದಾನೆ. ತಾಮ್ರಪಟದ ವಂಶಾವಳಿಯೊಂದರಿಂದಲೇ ರಾಜ್ಯ ನಿಲ್ಲದು, ಬಲ್ಲದ್ದನ್ನೆಲ್ಲ ಮುಂದಿನವನ ಕೈಗೆ ಒಪ್ಪಿಸಬೇಕು ಎಂಬ ಕಾಳಜಿ ಇಲ್ಲಿದೆ. ಶಿಸ್ತಿನ ಕಡತಕ್ಕೂ ಈ ವಿಶ್ವಕೋಶಕ್ಕೂ ಮೂಲದಲ್ಲಿ ಒಂದೇ ಮನೋಧರ್ಮವೆಂದು ನನಗೆ ತೋರುತ್ತದೆ. ವೀರಶೈವರಾದ ಈ ಅರಸರು ಶೃಂಗೇರಿಯ ಮಠಕ್ಕೂ ಕೊಲ್ಲೂರಿನ ಮೂಕಾಂಬಿಕೆಗೂ ದತ್ತಿಗಳನ್ನು ಬಿಟ್ಟರೆಂಬುದನ್ನೂ ಇಲ್ಲಿಯೇ ನೆನೆಯಬೇಕು.

ಕೆಳದಿ ಮುಗಿದದ್ದು ಹೇಗೆ? ೧೭೫೭ರ ಹೊತ್ತಿಗೆ ಪಟ್ಟದಲ್ಲಿದ್ದವಳು ವೀರಮ್ಮಾಜಿ. ದತ್ತುಮಗನ ಹೆಸರಿನಲ್ಲಿ ಆಳುತ್ತಿದ್ದಳು. ಅರಮನೆಯಲ್ಲಿ ಅಪನಂಬಿಕೆ, ಹೊರಗೆ ಅಪವಾದ. ಸತ್ತನೆಂದು ಹೇಳಲಾಗಿದ್ದ ಹಿಂದಿನ ದೊರೆ ತಾನೇ ಎಂದುಕೊಂಡು ಒಬ್ಬ ಯುವಕ ಚಿತ್ರದುರ್ಗದ ನಾಯಕನ ಮೂಲಕ ಹೈದರಾಲಿಯ ಬಳಿಗೆ ಬಂದ. ಹೈದರನಿಗೆ ಬೇಕಾಗಿದ್ದ ನೆಪ ದೊರೆಯಿತು. ೧೭೬೩ರ ಆರಂಭದಲ್ಲಿ ಬಿದನೂರು ಬಿತ್ತು. ರಾಣಿ ಬಲ್ಲಾಳರಾಯನದುರ್ಗಕ್ಕೆ ಓಡಿ ಅಲ್ಲಿ ಸೆರೆಸಿಕ್ಕಳು. ಮಧುಗಿರಿಯ ಕೋಟೆಯಲ್ಲಿ ಬಂದಿಯಾದಳು. ಶ್ರೀರಂಗರಾಯನ ಹೆಸರನ್ನು ನೆಪ ಮಾಡಿಕೊಂಡು ಶಿವಪ್ಪ ಶ್ರೀರಂಗಪಟ್ಟಣಕ್ಕೆ ಹೋದ; ನೂರು ವರ್ಷದ ಮೇಲೆ ಶ್ರೀರಂಗಪಟ್ಟಣದವನು ಇನ್ನೊಂದು ಹೆಸರನ್ನು ನೆಪ ಮಾಡಿಕೊಂಡು ಬಿದನೂರಿಗೆ ಬಂದ.

ಬಿದನೂರಿನ ಬೊಕ್ಕಸ ಹೈದರನ ಏಳಿಗೆಗೆ ಅಡಿಪಾಯವಾಯಿತು. ಅವನು ಹೊಡೆಸಿದ ಹೊನ್ನಿನ ನಾಣ್ಯದ ಒಂದು ಮುಖದಲ್ಲಿ ತನ್ನ ಹೆಸರಿನ ಅಕ್ಷರವಿದ್ದರೆ, ಇನ್ನೊಂದು ಮುಖದಲ್ಲಿ ಇಕ್ಕೇರಿಯ ವರಹದ ಮೇಲಿದ್ದ ಶಿವಪಾರ್ವತಿಯರ ಚಿತ್ರವನ್ನೇ ಉಳಿಸಿಕೊಂಡ. ಜನ ನಂಬಿದ ನಾಣ್ಯವನ್ನು ಬದಲಾಯಿಸುವ ತಪ್ಪನ್ನು ಆ ಜಾಣ ಮಾಡಲಿಲ್ಲ. ೧೭೯೯ರಲ್ಲಿ ಟಿಪ್ಪು ಮಡಿದ ಮೇಲೆ ಕನ್ನಡ ಜಿಲ್ಲೆಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಕಂದಾಯದ ಹಳೆಯ ಲೆಕ್ಕಗಳನ್ನು ತೆಗೆಸಿ ನೋಡಿದ. ಅವನಿಗೆ ‘ರೇಖೆ’ ಎಂಬ ಹಳೆಯ ನಿಗದಿಯೂ, ಅದರ ಮೇಲೆ ಕಾಲಕಾಲಕ್ಕೆ ಸೇರುತ್ತ ಬಂದ ‘ಶಾಮೀಲು’ ಎಂಬ ಹೆಚ್ಚುವರಿಯೂ ಬೇರೆಬೇರೆಯಾಗಿ ಕಂಡವು. ದೊರೆಗಳು ಹೋಗಿದ್ದರು, ಲೆಕ್ಕದ ಪದಗಳು ಉಳಿದಿದ್ದವು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಾಮ್ರಾಜ್ಯಗಳು ಕುಸಿದಾಗ ನಾಡು ಬರಿದಾಗುವುದಿಲ್ಲ. ಹೆಮ್ಮರ ಉರುಳಿದ ಜಾಗದಲ್ಲಿ ಬಿಸಿಲು ಬಿದ್ದು ಹತ್ತಾರು ಗಿಡಗಳು ಒಟ್ಟಿಗೆ ಏಳುತ್ತವೆ. ಹೆಚ್ಚಿನವು ಒಂದೆರಡು ಮಳೆಗಾಲಕ್ಕೆ ಮುಗಿಯುತ್ತವೆ. ಕೆಳಗಿನ ಮಣ್ಣಿನಲ್ಲಿ ಮೊದಲೇ ಬೇರು ಬಿಟ್ಟಿದ್ದು ಉಳಿಯುತ್ತದೆ. ಕೆಳದಿಗೆ ಘಟ್ಟವೂ ಕರಾವಳಿಯೂ ಒಂದೇ ಕೈಯಲ್ಲಿದ್ದ ಅನುಕೂಲವಿತ್ತು. ಅಕ್ಕಿ, ಅಡಿಕೆ, ಕಾಳುಮೆಣಸಿನ ಬಲವಿತ್ತು. ಮೂರು ದೊಡ್ಡ ಶಕ್ತಿಗಳು ಒಂದಾದ ಮೇಲೊಂದು ಸೊರಗಿದ ಅದೃಷ್ಟವಿತ್ತು. ಇವಿಷ್ಟೂ ಬೇರೆಯವರಿಗೂ ಒಂದಷ್ಟು ಇದ್ದವು. ಕೆಳದಿಗೆ ವಿಶೇಷವಾಗಿ ಇದ್ದದ್ದು ಅಳೆದು, ತೂಗಿ, ಬರೆದಿಟ್ಟು ಆಳುವ ಬುದ್ಧಿ, ಮತ್ತು ಕಷ್ಟದಲ್ಲಿ ಬಂದವನಿಗೆ ಬಾಗಿಲು ತೆರೆಯುವ ಎದೆಗಾರಿಕೆ. ಅರಮನೆಯ ಒಳಗಿನವರೇ ಒಬ್ಬರನ್ನೊಬ್ಬರು ನಂಬದೆ ಹೋದ ದಿನ ಆ ಬುದ್ಧಿಯೂ ಎದೆಗಾರಿಕೆಯೂ ಕಾಯಲಿಲ್ಲ.

ಇಂದು ಕೆಳದಿಯ ರಾಮೇಶ್ವರ ಗುಡಿಗೆ, ಇಕ್ಕೇರಿಯ ಅಘೋರೇಶ್ವರನಿಗೆ, ನಗರದ ಪಾಳುಗೋಡೆಗಳಿಗೆ ಪ್ರವಾಸಿಗಳು ಬಂದು ಹೋಗುತ್ತಾರೆ. ನೋಡಬೇಕಾದ ಸ್ಥಳಗಳೇ. ಆದರೆ ಶಿವಪ್ಪ ನಾಯಕನಿಗೆ ಸಂದ ತಕ್ಕ ಸ್ಮಾರಕ ಯಾವುದೆಂದು ಯಾರಾದರೂ ಕೇಳಿದರೆ ನಾನು ಕೋಟೆಯನ್ನು ಹೇಳುವುದಿಲ್ಲ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾಲಯಕ್ಕೆ ಅವನ ಹೆಸರನ್ನಿಟ್ಟಿದ್ದಾರೆ. ಅಲ್ಲಿಯ ಪ್ರಯೋಗದ ತಾಕುಗಳಲ್ಲಿ ಯಾವ ಮಣ್ಣಿಗೆ ಎಷ್ಟು ಬೀಜ, ಎಷ್ಟು ವೆಚ್ಚ, ಎಷ್ಟು ಫಸಲು ಎಂದು ತರುಣರು ವರ್ಷವರ್ಷವೂ ಬರೆದುಕೊಳ್ಳುತ್ತಾರೆ. ಹೆಸರು ಕೊಟ್ಟವರು ಯೋಚಿಸಿಯೇ ಕೊಟ್ಟಿರಬೇಕು. ಯಾದವ ಮುರಾರಿಯರಿಗೆ ಮಾತ್ರ ಇನ್ನೂ ಬಿರುದೊಂದೇ ಗತಿ.